ಹೆಸರಿಲ್ಲದ ಪತ್ರ

ಹೈದರಾಬಾದಿನ ಕನ್ನಡಿಗರ ಪಾಕ್ಷಿಕ 'ಊರಬಳಗ'ಕ್ಕೆ ಒಂದು ಚಟವಿತ್ತು. ಯಾರೇ ಪತ್ರ ಬರೆಯಲಿ, ಹೆಸರಿನ ಕೆಳಗೆ ಅವರ ಮೂಲ ಊರು ಅಚ್ಚಾಗಲೇಬೇಕು. ಓದುಗರು ಮೊದಲು ನೋಡುತ್ತಿದ್ದುದೇ ಅದನ್ನು. ಊರು ಗೊತ್ತಾದರೆ ಮಾತು ಬೀಗತನದವರೆಗೂ ಬೆಳೆಯುತ್ತಿತ್ತು. ಪತ್ರದಲ್ಲಿ ಏನಿದೆ ಎಂಬುದು ಆಮೇಲಿನ ಮಾತು, ಬಿಡಿ!

೧೯೮೮ರ ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಾರಾಯಣಗೂಡದ ಕಚೇರಿಯಲ್ಲಿ ವಿಳಾಸದ ಚೀಟಿ ಅಂಟಿಸುತ್ತಿದ್ದ ತುಳಸಾಬಾಯಿ ಹೊಸ ಸಂಚಿಕೆಯ ಮೇಲೆ ಕಣ್ಣಾಡಿಸುತ್ತ ಕೇಳಿದಳು. "ಅಕ್ಕಾರ, ಪಟಾನ್‌ಚೆರುದಾಗ ಹಿರೇಜೋಳಗಿಯವ್ರು ಒಬ್ರೇ ಅಲ್ಲೇನ್ರಿ? ನಮ್ಮ ಅಮರೇಶಪ್ಪ?"

ಉಪಸಂಪಾದಕಿ ಪ್ರಫುಲ್ಲಾ ಅವಳ ಕೈಯಿಂದ ಸಂಚಿಕೆ ಕಸಿದುಕೊಂಡಳು.

ಪತ್ರ ಅಮರೇಶಪ್ಪನದೇ. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಅವನು ಬಾಯ್ಲರ್ ಕೆಲಸದವನು. ಕಾರ್ಖಾನೆಯವರು ಆಮ್ಲದ ನೀರನ್ನು ಹಿಂದಿನ ಹಳ್ಳಕ್ಕೆ ಬಿಡುತ್ತಿದ್ದಾರೆ, ಕಾರ್ಮಿಕರ ಓಣಿಯ ಬಾವಿ ನೀರು ಹಳದಿಯಾಗಿದೆ, ಮಕ್ಕಳ ಮೈತುಂಬ ಗುಳ್ಳೆ ಎದ್ದಿವೆ ಎಂದು ಬರೆದಿದ್ದ. "ಹೆಸರು ಮಾತ್ರ ಹಾಕಬ್ಯಾಡ್ರಿ, ನೌಕರಿ ಹೋಗತೈತಿ" ಎಂದು ಕೈ ಮುಗಿದಿದ್ದ. ಪ್ರಫುಲ್ಲಾ ಸುಮ್ಮನೆ ನಂಬಿದವಳಲ್ಲ. ಹೋಗಿ ಬಾವಿಯಿಂದ ಒಂದು ಕೊಡ ನೀರು ಸೇದಿಸಿ ಕಣ್ಣಾರೆ ನೋಡಿ ಬಂದಿದ್ದಳು. ಅಮರೇಶಪ್ಪನ ಹೆಸರು ಹೊಡೆದುಹಾಕಿ 'ಒಬ್ಬ ಕಾರ್ಮಿಕ' ಎಂದು ಬರೆದಳು. ಅದರ ಕೆಳಗೆ, ಹನ್ನೊಂದು ವರ್ಷದ ರೂಢಿ ನೋಡಿ, 'ಮೂಲ: ಹಿರೇಜೋಳಗಿ' ಎಂದೂ ಬರೆದಳು! ಏನು ಬುದ್ಧಿವಂತೆ! ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಅಲ್ಲೇ ನೇತುಹಾಕಿ ಬಂದ ಹಾಗಾಗಿತ್ತು.

ಪಟಾನ್‌ಚೆರುವಿನ ಅಂಗಡಿಗೆ ಕಳಿಸುವ ಪತ್ರಿಕೆಗಳ ಕಟ್ಟು ಮೊದಲ ಬಸ್ಸಿಗೇ ಹೋಗಿಬಿಟ್ಟಿತ್ತು. ಪ್ರಫುಲ್ಲಾ ಚಪ್ಪಲಿ ಮೆಟ್ಟುವಾಗ ಸಂಪಾದಕ ಸಿದ್ದರಾಮಪ್ಪನವರು ಒಳಗಿನಿಂದ ಕೂಗಿ ಹೇಳಿದರು. "ಯಾರ ಬರದಾರಂತ ಕೇಳಿದ್ರ ಹೌದನ್ನಬ್ಯಾಡವಾ, ಅಲ್ಲನ್ನಲೂಬ್ಯಾಡ. ಪತ್ರಿಕಾಧರ್ಮ ಅಂದ್ರ ಅದ!"

ಆ ಹಾಳು ಬಸ್ಸು ಎರ್ರಗಡ್ಡ, ಕೂಕಟ್‌ಪಲ್ಲಿ ಅಂತ ನಿಂತಲ್ಲೆಲ್ಲ ನಿಂತಿತು. ಸೀಟು ಸಿಕ್ಕರೂ ಅವಳು ಕೂರಲಿಲ್ಲ, ಕೂತರೂ ಮತ್ತೆ ಎದ್ದಳು. "ಕೂರ್ಚೋಂಡಿ ಅಮ್ಮಾ" ಎಂದು ಕಂಡಕ್ಟರ್ ಎರಡು ಸಲ ಗದರಿದ. ಅಮರೇಶಪ್ಪನ ಪಾಳಿ ಎರಡು ಗಂಟೆಗೆ. ಅಷ್ಟರೊಳಗೆ ಕಟ್ಟು ಸಿಕ್ಕರೆ ಸಾಕಪ್ಪಾ ದೇವರೇ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು.

ಅಂಗಡಿಯಲ್ಲಿ ಕಟ್ಟು ಆಗಲೇ ಬಿಚ್ಚಿ ಪತ್ರಿಕೆ ಹಂಚಿಹೋಗಿತ್ತು. ಕಾರ್ಖಾನೆಯ ಗೇಟಿಗೆ ಓಡಿದರೆ ಅಮರೇಶಪ್ಪ ಹೊರಗೇ ನಿಂತಿದ್ದ. ಅವನ ಪಾಸು ಕಸಿದುಕೊಂಡಿದ್ದರು. ಅವನ ಪಕ್ಕದಲ್ಲಿ ಪತ್ರಿಕೆ ಹಿಡಿದು ನಿಂತವನು ಕಾರ್ಖಾನೆಯ ಲೇಬರ್ ಆಫೀಸರ್ ಜಯತೀರ್ಥ, ರಾಯಚೂರಿನ ಕಡೆಯವನು. ಅವಳು ತಾನು 'ಊರಬಳಗ'ದವಳೆಂದು ಹೇಳಿಕೊಂಡಳು.

"ಬರ್ರಿ ಬಾಯಾರ, ನಾನೂ ನಿಮ್ಮ ಚಂದಾದಾರನ ಇದೀನಿ" ಎಂದು ನಕ್ಕ. "ಹಿರೇಜೋಳಗಿಯಾಂವ ನಮ್ಮಲ್ಲಿ ಇಂವ ಒಬ್ಬನ. ಇಂವ ಬರದಾನೋ ಇಲ್ಲೋ, ಅಷ್ಟ ಹೇಳ್ರಿ. ಅಲ್ಲಂದ್ರ ಈಗಿಂದೀಗ ಒಳಗ ಬಿಡತೀನಿ."

ಹೌದನ್ನಬಾರದು, ಅಲ್ಲನ್ನಬಾರದು. ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ! ಮೌನಂ ಸಮ್ಮತಿ ಲಕ್ಷಣಂ ಎಂಬುದು ಜಯತೀರ್ಥನಿಗೆ ಗೊತ್ತಿಲ್ಲವೇ? ಅವಳು ಬಾಯಿ ಮುಚ್ಚಿ ನಿಂತರೆ ಅಮರೇಶಪ್ಪನ ಅನ್ನ ಹೋಯಿತು, ಅದೂ ಅವಳ ಕೈಯಾರೆ. ಅವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಇವರಲ್ರಿ."

"ಮತ್ಯಾರು?"

"ಯಾರೂ ಅಲ್ಲ. ನಾನ ಬರದೀನಿ. ಊರ ಹೆಸರು ಬಾಯಿಗೆ ಬಂದದ್ದು ಹಾಕೀನಿ."

ಜಯತೀರ್ಥ ಆಶ್ಚರ್ಯಪಡಲಿಲ್ಲ. ಜೇಬಿನಿಂದ ಪೆನ್ನು ತೆಗೆದ. "ಶಭಾಷ್! ಅದನ್ನ ಬರದ ಕೊಡ್ರಿ. ಪತ್ರ ಕಟ್ಟುಕತಿ, ಬಾವಿದೂ ಸುಳ್ಳು, ಮುಂದಿನ ಸಂಚಿಕೆದಾಗ ಕ್ಷಮೆ ಕೇಳತೀವಿ ಅಂತ. ಇಂವಗ ನೌಕರಿ, ನಿಮಗ ಕೋರ್ಟಿನ ಕಾಟ ಇಲ್ಲ. ಎಲ್ಲಾರೂ ಆರಾಮ."

ಆಗ ಅವಳಿಗೆ ಹೊಳೆಯಿತು. ಈ ಮನುಷ್ಯನಿಗೆ ಅಮರೇಶಪ್ಪ ಬೇಕಾಗಿರಲೇ ಇಲ್ಲ, ಬೇಕಾಗಿದ್ದದ್ದು ಈ ಚೀಟಿ. ಗೇಟಿನ ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷವಿತ್ತು. ಬರೆದಳು, ಸಹಿ ಹಾಕಿದಳು.

ಅಮರೇಶಪ್ಪ ಪಾಸು ಇಸಿದುಕೊಂಡ. ಅವಳು ಎರಡು ಹೆಜ್ಜೆ ಅವನ ಹಿಂದೆ ಹೋದಳು. "ತಪ್ಪಾತು ಅಮರೇಶಪ್ಪಾ. ನೌಕರಿಯಂತೂ ಉಳೀತಲ್ಲ."

"ಉಳೀತ್ರಿ ಅಕ್ಕಾರ." ಅವನು ಮೊದಲ ಸಲ ಅವಳ ಮುಖ ನೋಡಿದ. "ಆ ಬಾವಿ ನೀರು ಮಾತ್ರ ಇವತ್ತಿಂದ ಸುಳ್ಳಾತು. ಸಂಜೀಕ ನಮ್ಮ ಹುಡುಗಿ ಅದನ್ನ ಕುಡಿಯಾಕಿ."