ಎತ್ತಿನ ಗಂಟು

ಬರ್ಮಾದ ಯುದ್ಧದಿಂದ ನಾನು ಜೀವಸಹಿತ ರಾಜಘಟ್ಟಕ್ಕೆ ಹಿಂದಿರುಗಿದ್ದು ನಲವತ್ತಾರನೇ ಇಸವಿಯಲ್ಲಿ. ಊರಿನವರು ನನ್ನನ್ನು ವೀರ ಎಂದರು. ಅದೇನು ಕಂಡು ಹಾಗೆಂದರೋ ದೇವರಿಗೇ ಗೊತ್ತು. ಅಲ್ಲಿ ನಾನು ಮಾಡಿದ್ದು ಮಣ್ಣು ಹೊತ್ತಿದ್ದು, ಸೇತುವೆ ಕಟ್ಟಿದ್ದು, ಗೆಳೆಯ ಆಂಜಿನಪ್ಪನನ್ನು ಕೊಂದಿದ್ದು.

ಕೊಂದೆನೆಂದು ಯಾರಿಗೂ ಹೇಳಿರಲಿಲ್ಲ. ಹೊಳೆ ದಾಟುವಾಗ ಕೊಚ್ಚಿಕೊಂಡು ಹೋದನೆಂದು ಸರ್ಕಾರದ ಕಾಗದ ಬಂದಿತ್ತು. ಅದೂ ಸುಳ್ಳಲ್ಲ. ತುಂಬಿದ ಹೊಳೆಗೆ ಅಡ್ಡಲಾಗಿ ಹಗ್ಗ ಹಾಯಿಸಬೇಕಿತ್ತು. ಈಜು ಬಲ್ಲ ಆಂಜಿನಪ್ಪ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದ. ಇನ್ನೊಂದು ತುದಿಯನ್ನು ದಡದ ಮರಕ್ಕೆ ಬಿಗಿಯುವ ಕೆಲಸ ನನ್ನದು. ಹವಾಲ್ದಾರ ತಿಂಗಳುಗಟ್ಟಲೆ ಬೈದು ಕಲಿಸಿದ ಗಂಟೇ ಬೇರೆ. ಅವಸರದಲ್ಲಿ ಈ ಹಾಳು ಕೈ ಕಟ್ಟಿದ್ದು ಊರಿನ ಗಂಟನ್ನು, ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿಯ ಹತ್ತಿರ ಎತ್ತು ಕಟ್ಟುವುದನ್ನು. ಎತ್ತು ಬೆದರಿ ಕೊರಳಿಗೆ ಹಗ್ಗ ಸುತ್ತಿಕೊಂಡರೆ, ಜೋತುಬಿಟ್ಟ ತುದಿಯನ್ನು ಒಮ್ಮೆ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಆ ತುದಿ ನೀರಿಗೆ ಬಿದ್ದಿತ್ತು. ತೇಲಿ ಬಂದ ಕೊಂಬೆಯೊಂದು ಅದನ್ನು ಸೆಳೆಯಿತು. "ಲೇ ಪಿಳ್ಳ, ಹಿಡ್ಕೊಳ್ಳೋ!" ಎಂದು ಅವನು ನನ್ನನ್ನು ಕೂಗಿದ. ನಾನು ಓಡುವಷ್ಟರಲ್ಲಿ ಹಗ್ಗವೂ ಇರಲಿಲ್ಲ, ಅವನೂ ಇರಲಿಲ್ಲ.

ಆಂಜಿನಪ್ಪನ ತಂದೆ ಮುನಿವೆಂಕಟಪ್ಪನವರಿಗೆ ಅವನೊಬ್ಬನೇ ಮಗ. ಅಪ್ಪನಿಲ್ಲದ ನಾನೂ ಅವರ ಕಪಿಲೆ ಹೊಡೆದುಕೊಂಡೇ ಬೆಳೆದವನು. ಊರಿಗೆ ಬಂದಮೇಲೆ ಮಾತ್ರ ಅವರ ಬಾಗಿಲು ತಪ್ಪಿಸಿ, ಕಳ್ಳನ ಹಾಗೆ ಸುತ್ತುಹಾಕಿಕೊಂಡು ಓಡಾಡುತ್ತಿದ್ದೆ. ಮಹಾಲಯ ಅಮಾವಾಸ್ಯೆಯ ದಿನ ಅವರೇ ಬಂದು ಕೈಹಿಡಿದು ಕರೆದೊಯ್ದರು. ಸತ್ತವರಿಗೆ ಎಡೆ ಇಡುವ ದಿನ. ಗೋಡೆಯ ಬದಿಗೆ ಬಾಳೆಲೆ, ಹೊಸ ಪಂಚೆ, ಒಂದು ಕಟ್ಟು ಬೀಡಿ.

"ಮಗನಿಗೆ ಎಡೆ ಇಡೋ ಹಣೆಬರ ನಮ್ದು. ಒಡಹುಟ್ಟಿದೋನಂಗಿದ್ದೆ ನೀನು. ನೀನೇ ಬಡಿಸ್ಬಿಡಪ್ಪ," ಎಂದರು. ಒಲೆಯ ಮುಂದಿದ್ದ ಅವರ ಹೆಂಡತಿ ಲಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನಿಂದಾಗಲಿಲ್ಲ. ಕೊಂದ ಕೈಯಲ್ಲೇ ಅನ್ನ ಬಡಿಸುವುದೇ? ಅವರನ್ನು ಕೊಟ್ಟಿಗೆಗೆ ಕರೆದು ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯಲಿ, ಉಗಿಯಲಿ, ಊರಿಗೆಲ್ಲ ಸಾರಲಿ ಎಂದು ಕಾದು ನಿಂತೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದೂ ಅದೇ.

ಅವರು ಗೋದಲಿಯ ಅಂಚಿನ ಮೇಲೆ ಕುಸಿದು ಕುಳಿತರು.

"ತುದಿ ಜೋತುಬಿಟ್ಟು ಕಟ್ಟೋದಾ?"

"ಹೂಂ ಮಾವ."

"ಆಗ ನಿಂಗೆ ಎಂಟೋ ಒಂಬತ್ತೋ ವರ್ಷ. ಗಂಟು ತಪ್ಪು ಹಾಕ್ದೆ ಅಂತ ಬಾರುಕೋಲಲ್ಲಿ ಹೊಡ್ದಿದ್ದೆ. ಇನ್ನೊಂದ್ ತರ ಕಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆ." ಎತ್ತಿನ ಹಗ್ಗದ ತುದಿ ಕೈಗೆತ್ತಿಕೊಂಡು, "ನಾನೇ ಕಣೋ ಕಲ್ಸಿದ್ದು," ಎಂದರು.

ನನಗದು ಮರೆತೇ ಹೋಗಿತ್ತು. "ಹಂಗಲ್ಲ ಮಾವ, ತಪ್ಪು ನಂದು," ಎಂದು ಕಾಲು ಹಿಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಎದೆಯ ಭಾರ ಇಳಿಸಿಕೊಳ್ಳಲು ಬಂದ ನಾನು ಅದನ್ನು ಈ ಮುದುಕನ ತಲೆಗೂ ಹೊರಿಸಿದ್ದೆ. ನನ್ನದು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

"ಅನ್ನ ಆರೋಯ್ತದೆ, ಬನ್ರಪ್ಪ," ಎಂದು ಲಕ್ಕಮ್ಮ ಒಳಗಿನಿಂದ ಕರೆದರು.

ಮುನಿವೆಂಕಟಪ್ಪನವರು ಬೆಚ್ಚಿಬಿದ್ದು ನನಗೆ, ಕೊಂದ ನನಗೇ, ಎರಡೂ ಕೈ ಜೋಡಿಸಿದರು.

"ಅವ್ಳಿಗೆ ಹೇಳ್ಬ್ಯಾಡ ಕಣಪ್ಪ. ಮಗನ್ನ ನಾನೇ ಕೊಂದೆ ಅಂತ ಅವ್ಳಿಗೆ ಗೊತ್ತಾಗ್ಬಾರ್ದು."