ರಿಹಾಮ್ ಕೇಳಿದ ಹಾಡು

ನನ್ನ ನಾದಿನಿ ರಿಹಾಮ್‌ಗೆ ಮಾನವಶಾಸ್ತ್ರದ ಹುಚ್ಚು. ಕೈರೋದಲ್ಲಿ ಒಂದು ಡಿಗ್ರಿ ಮುಗಿಸಿದ್ದು ಸಾಲದೆ ಸಮುದ್ರದಾಚೆಯ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಲು ಕೂತಿದ್ದಳು. ಆ ಚಳಿಗಾಲವಿಡೀ ಮನೆಯಲ್ಲಿ ಅರ್ಜಿಯದೇ ದರ್ಬಾರು. ಅರ್ಜಿ ಬರೆಯುವಾಗ ಯಾರೂ ಮಾತಾಡಬಾರದು, ಪಾತ್ರೆ ಸದ್ದು ಮಾಡಬಾರದು.

"ಅತ್ತಿಗೆ, ಆ ಸೊಪ್ಪು ಕೊಚ್ಚೋದು ಆಮೇಲೆ ಇಟ್ಕೊಳೇ."

"ಊಟಾನೂ ಆಮೇಲೇ ಇಟ್ಕೊಳ್ತೀಯಾ?" ಎಂದು ನಾನು ಕೊಚ್ಚುತ್ತಲೇ ಇದ್ದೆ.

ಮೇಷ್ಟರುಗಳ ಶಿಫಾರಸು ಪತ್ರಗಳು ಬಂದಾಗಿದ್ದವು. ಯಾಕೆ ಓದಬೇಕೆಂದು ತನ್ನ ಬಗ್ಗೆ ತಾನೇ ಹೊಗಳಿಕೊಳ್ಳುವ ಪುಟವನ್ನೂ ಬರೆದಿದ್ದಳು. ಉಳಿದದ್ದು ಒಂದು ಪ್ರಬಂಧ. "ಹೊರಗಿನವರ ಕಣ್ಣಿಗೆ ಬೀಳದ್ದನ್ನು ಬರಿ, ನಿನ್ನ ಮನೆಯೊಳಗಿಂದಲೇ ತೆಗಿ" ಅಂತ ಕೈರೋದ ಮೇಡಮ್ ಫೋನಿನಲ್ಲಿ ಹೇಳಿದಳಂತೆ. ಮನೆಯೊಳಗೆ ಏನಿದೆಯೆಂದು ಆ ಮೇಡಮ್‌ಗೇನು ಗೊತ್ತು?

ನಮ್ಮ ಮನೆಯೊಳಗೆ ಇದ್ದದ್ದು ಮಾವನ ಸಾವು. ಮಾವ ಅಬ್ದುಲ್ ಆಲ್‌ನನ್ನು ಕಾಲುವೆ ನೀರಿನ ಸರದಿಯ ಜಗಳದಲ್ಲಿ ಹರೀದಿ ಮನೆಯ ಬದ್ರಿ ಗುಂಡಿಕ್ಕಿ ಕೊಂದು ಹನ್ನೊಂದು ವರ್ಷ. ಮಣ್ಣು ಮಾಡಿದರು, ಅಷ್ಟೇ. ಅಂಗಳದಲ್ಲಿ ಕುರ್ಚಿ ಹಾಕಲಿಲ್ಲ, ಬಂದವರಿಗೆ ಕಹಿ ಕಾಫಿ ಕೊಡಲಿಲ್ಲ, ಹೆಂಗಸರು ಸಾವಿನ ಹಾಡು ಹಾಡಲಿಲ್ಲ. ರಕ್ತಕ್ಕೆ ರಕ್ತ ತೆಗೆಯುವವರೆಗೆ ಸತ್ತವನಿಗಾಗಿ ಅಳುವ ಹಾಗಿಲ್ಲ. ನಮ್ಮ ಈ ಸೊಹಾಗ್ ಸೀಮೆಯಲ್ಲಿ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಿಲ್ಲ.

ತೆಗೆಯಬೇಕಾದವನು ನನ್ನ ಗಂಡ ಖಲಾಫ್. ಅವನಿಗೆ ಅದು ಬೇಕಿರಲಿಲ್ಲ. ಟೈಲ್ಸ್ ಹಾಕುವ ಕೆಲಸ ಕಲಿತ, ನನ್ನನ್ನು ಮದುವೆಯಾದ. ಬದ್ರಿ ಜೈಲಿನಿಂದ ಬಿಡುಗಡೆಯಾಗಿ ಸೇತುವೆ ಹತ್ತಿರ ಮೇವಿನ ಅಂಗಡಿ ಇಟ್ಟಾಗಲೂ ಖಲಾಫ್ ಬೈಕಿನ ಮೇಲೆ ಮುಖ ಆಚೆ ತಿರುಗಿಸಿಕೊಂಡು ಅದರ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದ. "ಹೆಂಡ್ತಿ ಮುಸುಕು ಹೊದ್ಕೊಂಡು ಬಾರೋ, ಟೀ ಕೊಡಿಸ್ತೀವಿ" ಅಂತ ಕಾಫಿಯಂಗಡಿಯಲ್ಲಿ ಅಣಕಿಸಿದರೂ ನಕ್ಕು ಸುಮ್ಮನಾಗುತ್ತಿದ್ದ. ಮನೆಯ ಹಳೇ ಕೋವಿಯನ್ನು ಅವನು ಹಾರಿಸಿದ್ದು ನಮ್ಮ ಮದುವೆಯ ದಿನ ಮಾತ್ರ. ಮುದುಕ ಕೆಮ್ಮಿದ ಹಾಗೆ ಅದರ ಸದ್ದು. ನಾನು ಮುಸುಕಿನೊಳಗೆ ನಕ್ಕುಬಿಟ್ಟಿದ್ದೆ. ಆಮೇಲೆ ಅದು ಹಿಟ್ಟಿನ ಕೋಣೆಯ ಅಟ್ಟ ಸೇರಿತ್ತು.

ರಿಹಾಮ್ ಪ್ರಬಂಧಕ್ಕೆ ಆರಿಸಿಕೊಂಡದ್ದು ಸಾವಿನ ಹಾಡನ್ನೇ. ಊರಿನಲ್ಲಿ ಅದನ್ನು ಖಲಾಫನ ಅಜ್ಜಿ, ಮಾವನ ಹೆತ್ತ ತಾಯಿ ಬಖೀತಾಳಂತೆ ಹಾಡುವವರಿಲ್ಲ.

"ಬೇರೆ ಯಾರದ್ದಾದ್ರೂ ಸಾವಿನ ಹಾಡು ಕೇಳು, ಮಾರಾಯ್ತಿ. ನಿಮ್ಮಪ್ಪಂದು ಬೇಡ," ಅಂದೆ.

"ಬೇರೆಯವರದ್ದು ಎಲ್ಲರೂ ಬರೀತಾರೆ ಅತ್ತಿಗೆ. ಹಾಡದೇ ಉಳಿದ ಹಾಡು ನಮ್ಮ ಮನೇಲಿ ಮಾತ್ರ ಇರೋದು. ಮೆಲ್ಲಗೆ ಹಾಡಿಸ್ಕೊಳ್ತೀನಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ತೀನಿ, ಅಷ್ಟೇ."

ಕೈರೋ ನೀರು ಕುಡಿದವರಿಗೆ ನಾವು ಹೇಳಿದ್ದು ರುಚಿಸುವುದಿಲ್ಲ.

ಅಜ್ಜಿ ಬೈಯುತ್ತಾಳೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅಜ್ಜಿ ಬೈಯಲಿಲ್ಲ. ಹುದುಗು ಬರಲೆಂದು ಬಿಸಿಲಿಗಿಟ್ಟ ರೊಟ್ಟಿಗಳನ್ನು ತಿರುಗಿಸುತ್ತಿದ್ದವಳು ಕೈ ಒರೆಸಿಕೊಂಡು ಮೊಮ್ಮಗಳತ್ತ ತಿರುಗಿದಳು.

"ನೀನೇ ಕೇಳ್ತಿದ್ದೀಯಾ? ಅಬ್ದುಲ್ ಆಲ್ ಮಗಳು, ನಿನ್ನ ಬಾಯಿಂದ್ಲೇ?"

"ಹೌದಜ್ಜಿ, ನಾನೇ."

"ಶುಕ್ರವಾರ ಹಾಡ್ತೀನಿ. ಊಟ ಆದ್ಮೇಲೆ."

ಶುಕ್ರವಾರ ಖಲಾಫ್ ಮನೆಯಲ್ಲಿರುವ ದಿನ. ಹಾಡು ಅವನ ಕಿವಿಗೆ ಬಿದ್ದೇ ಬೀಳುತ್ತದೆ. ಬೇರೆ ದಿನ ಇಟ್ಟುಕೊಳ್ಳಿ ಅಂದದ್ದಕ್ಕೆ ಅಜ್ಜಿ ನನ್ನ ಬಸಿರ ಹೊಟ್ಟೆಯತ್ತ ಕಣ್ಣು ಹಾಯಿಸಿ, "ಗಂಡೇ ಆಗತ್ತೆ," ಅಂದಳು.

ಹಾಡುವವರ ಸಹಿಗೆಂದು ವಿಶ್ವವಿದ್ಯಾಲಯದವರು ಕೊಟ್ಟ ಒಪ್ಪಿಗೆ ಪತ್ರವನ್ನು ರಿಹಾಮ್ ತಂದು ಓದಿ ಹೇಳಿದಳು. ಹಾಡುವವರು ಮನಸಾರೆ ಒಪ್ಪಬೇಕಂತೆ, ಯಾರಿಗೂ ಕೇಡಾಗಬಾರದಂತೆ. ಅಜ್ಜಿ ಹೆಬ್ಬೆಟ್ಟೊತ್ತಿ, "ನಾನು ಒಪ್ಪಿದೆ. ಖಲಾಫ್‌ದೂ ಹೆಬ್ಬೆಟ್ಟು ಬೇಡ್ವಾ?" ಅಂತ ಕೇಳಿದಳು. ರಿಹಾಮ್ ನಕ್ಕಳು. ನನಗೆ ನಗು ಬರಲಿಲ್ಲ.

ಶುಕ್ರವಾರ ಖಲಾಫ್ ಊಟ ಮಾಡಿ ಒಳಗೆ ಮಲಗಿದ್ದ. ಅಜ್ಜಿ ಅಂಗಳದಲ್ಲಿ ಕೂತು, ಬೀದಿಬಾಗಿಲನ್ನು ತಾನೇ ಎದ್ದು ತೆರೆದಿಟ್ಟು ಬಂದು, ಹಾಡಿದಳು. ಮೆಲ್ಲಗೆ ಅಲ್ಲ. ಆ ಮುದಿ ಎದೆಯಲ್ಲಿ ಅಷ್ಟು ದನಿ ಎಲ್ಲಿತ್ತೋ. ಕುದುರೆ ಬಂತು, ಸವಾರ ಬರಲಿಲ್ಲ ಅಂತ ಶುರುವಾಗಿ, ತಾಯಿ ಮಗನನ್ನು ಹೆಸರು ಹಿಡಿದು ಕರೆಯುವ ಜಾಗಕ್ಕೆ ಬಂದಾಗ ನಿಲ್ಲಿಸಿದಳು. "ಹೆಸರು ಈಗಲ್ಲ, ಆಮೇಲೆ," ಅಂದಳು. ರಿಹಾಮ್ ಅದನ್ನೂ ಬರೆದುಕೊಂಡಳು.

ನಾನು ಖಲಾಫನ ಪಕ್ಕದಲ್ಲೇ ಕೂತಿದ್ದೆ. ಅವನು ಕಣ್ಣು ತೆರೆದು ತೊಲೆ ನೋಡುತ್ತಿದ್ದ. ಎದ್ದು ಮುಖ ತೊಳೆದ, ಟೀ ಕೇಳಿದ. ಕೊಟ್ಟೆ. ಸಕ್ಕರೆ ಡಬ್ಬಿ ಅತ್ತ ಸರಿಸಿದ. ಚಮಚಗಟ್ಟಲೆ ಸಕ್ಕರೆ ಸುರಿದುಕೊಳ್ಳುವ ಗಂಡಸು. ಸಾವಿನ ಮನೆಯ ಕಾಫಿಯಂತೆ ಕಹಿಯಾಗೇ ಕುಡಿದ.

ಸಂಜೆಯೊಳಗೆ ಪಕ್ಕದ ಮನೆಯ ಹೆಂಗಸರು ಕಪ್ಪು ಬಟ್ಟೆಯುಟ್ಟು ಬಂದು ಅಜ್ಜಿಯ ಕೈಗೆ ಮುತ್ತಿಟ್ಟರು. ಮರುದಿನ ಬೀದಿಯಲ್ಲಿ ಎದುರಾದ ಹರೀದಿ ಮನೆಯ ಹುಡುಗಿಯರು ಬುಟ್ಟಿ ಎದೆಗವಚಿಕೊಂಡು ಬಂದ ದಾರಿಯಲ್ಲೇ ತಿರುಗಿದರು. ಬದ್ರಿಯ ಅಂಗಡಿಯ ಮುಂದೆ ಅವನ ತಮ್ಮಂದಿರು ಬಂದು ಕೂತರು. ಅವರ ಮೊಣಕಾಲ ಮೇಲಿದ್ದ ಹೊಸ ಬಂದೂಕುಗಳನ್ನು ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ. ಹಾಡು ಎದ್ದಿತೆಂದರೆ ಆ ಮನೆ ರಕ್ತಕ್ಕೆ ಹೊರಟಿತೆಂದೇ ಊರಿನ ಲೆಕ್ಕ. ಇನ್ನು ಖಲಾಫ್ ಹೊರಡದಿದ್ದರೆ ಅವರೇ ಬರುತ್ತಾರೆ.

ರಿಹಾಮ್‌ಗೆ ಆಗ ತಿಳಿಯಿತು. ಅಜ್ಜಿಯ ಕಾಲ ಬಳಿ ಕುಸಿದಳು.

"ಅಜ್ಜಿ, ಅದು ಅರ್ಜಿಗೆ ಅಂತ ಎಲ್ಲರಿಗೂ ಹೇಳು. ಓದೋಕೆ ಅಂತ ಹಾಡಿಸ್ಕೊಂಡೆ ಅಂತ ಹೇಳು."

"ಸತ್ತೋನ ಮಗಳು ಅಪ್ಪನ ಹಾಡು ಕೇಳಿದ್ರೆ ಇಲ್ಲ ಅನ್ನೋ ಹಕ್ಕು ಯಾರಿಗೂ ಇಲ್ಲ ಕಣೇ. ಗಂಡಸರು ಬಾಯಿ ಬಿಡಲಿಲ್ಲ, ನಿಮ್ಮಮ್ಮ ಬಾಯಿ ಬಿಡದೇ ಸತ್ಲು. ನೀನು ಕೇಳ್ತೀಯಾ ಅಂತ ನಾನು ಕಾದೆ. ನೀನು ಕೈರೋಗೆ ಹೋದೆ. ಮರೆತೇಬಿಟ್ಲು ಅನ್ಕೊಂಡೆ." ಅಜ್ಜಿ ಅವಳ ತಲೆ ಸವರಿದಳು. "ಮರೆತಿರಲಿಲ್ಲ ನನ್ನ ಕೂಸು."

ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಿಹಾಮ್‌ಗೂ ಎರಡು ಬಿಗಿಯಬೇಕು ಅನ್ನಿಸಿತು. ಆದರೆ ಅವಳು ಅಳುತ್ತಿದ್ದ ರೀತಿ ನೋಡಿ ಕೈ ಏಳಲಿಲ್ಲ.

ಅವಳು ಅಣ್ಣನ ಹತ್ತಿರ ಹೋದಳು. ಅವನು ಅಟ್ಟದಿಂದ ಇಳಿಸಿದ ಕೋವಿಗೆ ಎಣ್ಣೆ ಹಚ್ಚುತ್ತಿದ್ದ.

"ಅಣ್ಣಾ, ನಾನು ಕೇಳಿದ್ದು ಅದಕ್ಕಲ್ಲ."

"ಗೊತ್ತು ಪುಟ್ಟಿ."

"ಎಲ್ಲಾ ಅಳಿಸಿಹಾಕ್ತೀನಿ. ಅರ್ಜೀನೇ ಹಾಕಲ್ಲ."

"ಊರಿನೋರ ಕಿವಿಯಿಂದ ಹೆಂಗೆ ಅಳಿಸ್ತೀಯಾ?" ಅವನು ತಲೆ ಎತ್ತಲಿಲ್ಲ. "ನಿಮ್ಮ ಮೇಡಮ್ ಏನಂದ್ರು? ಚೆನ್ನಾಗಿದೆಯಂತಾ?"

"ಇಂಥದ್ದು ಯಾರೂ ಕಳಿಸಿರಲ್ಲ ಅಂದ್ರು."

"ಹಾಗಾದ್ರೆ ಕಳಿಸು. ಈ ಮನೆಯಿಂದ ಒಬ್ಬರಾದ್ರೂ ಎಲ್ಲಾದ್ರೂ ಹೋಗ್ಲಿ."

"ನಾವು ಮೂವರೂ ಹೋಗೋಣ ಖಲಾಫ್, ಇವತ್ತೇ. ಟೈಲ್ಸ್ ಎಲ್ಲಿ ಬೇಕಾದ್ರೂ ಹಾಕಬಹುದು," ಅಂದೆ. ಅವನು ನನ್ನ ಹೊಟ್ಟೆಯ ಮೇಲೆ ಎಣ್ಣೆಗೈ ಇಟ್ಟ. ಎದುರು ಚಾವಣಿಯ ಮೇಲೆ ಎರಡು ದಿನದಿಂದ ಕೂತೇ ಇದ್ದ ಹರೀದಿ ಮನೆಯ ಆಳಿನ ಕಡೆ ಕಣ್ಣಲ್ಲೇ ತೋರಿಸಿದ. ಬಸ್ ನಿಲ್ದಾಣಕ್ಕೆ ಹೋಗುವುದೂ ಆ ಸೇತುವೆಯ ಮೇಲೆಯೇ.

ಅರ್ಜಿಗೆ ಕೊನೆಯ ದಿನ, ಮಧ್ಯಾಹ್ನದ ನಮಾಜು ಮುಗಿಸಿ, ಅಪ್ಪನ ಶಾಲು ಹೊದ್ದು, ಒಳಗೆ ಕೋವಿ ಹಿಡಿದು ಖಲಾಫ್ ಹೊರಟ. ನನ್ನನ್ನು "ನುವಾರಾ" ಅಂತ ಒಮ್ಮೆ ಕರೆದು ಹೊಸಿಲು ದಾಟಿದ. ಅವನು ಬೀದಿ ದಾಟಿದ್ದನೋ ಇಲ್ಲವೋ, ಶಾಮಿಯಾನದವನ ಗಾಡಿ ಬಂತು. ಅಜ್ಜಿ ಮೊದಲೇ ಹೇಳಿ ಕಳಿಸಿದ್ದಳು. ಗಾಡಿಯವನು ಅಂಗಳದಲ್ಲಿ ಕುರ್ಚಿ ಹಾಕತೊಡಗಿದ. ಅಜ್ಜಿ ಕಾಫಿ ಪಾತ್ರೆ ಒಲೆಯ ಮೇಲಿಟ್ಟು, ಹೊಸಿಲಲ್ಲಿ ಕೂತು ಹಾಡು ಎತ್ತಿಕೊಂಡಳು. ಒಳಗೆ ರಿಹಾಮ್ ಕಂಪ್ಯೂಟರಿನ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅತ್ತಿಗೆ, ಕಳಿಸಲಾ?"

ನಾನು ಉತ್ತರ ಕೊಡುವ ಮೊದಲೇ ಸೇತುವೆಯ ಕಡೆಯಿಂದ ಗುಂಡಿನ ಸದ್ದು ಬಂತು. ಒಂದೇ ಸಮನೆ, ಚುರುಕಾಗಿ, ಬಟ್ಟೆ ಹರಿದಂತೆ. ಆಮೇಲೆ ನಿಂತಿತು. ಇನ್ನೊಂದು ಸದ್ದಿಗಾಗಿ ಕಿವಿಗೊಟ್ಟು ನಿಂತೆ. ಕೇಳಿಸಲಿಲ್ಲ.

ಅಜ್ಜಿ ಹೆಸರಿನ ಜಾಗಕ್ಕೆ ಬಂದಿದ್ದಳು. ಮಗನ ಹೆಸರಿಗೆಂದು ಬಾಯಿ ತೆರೆದವಳು ನನ್ನ ಮುಖ ನೋಡಿ ತಡೆದಳು. ನಮ್ಮ ಮನೆಯ ಕೋವಿಯ ಸದ್ದು ನನಗೆ ಗೊತ್ತು. ಕೇಳಿಸಿದ್ದು ಅದಲ್ಲ.