ಕಾಣಿಕೆ ಬಿಟ್ಟು ಹೋದವಳು

ಅಫಜಲಪುರದಲ್ಲಿ ನಮಗೆ ಚರ್ಚು ಇರಲಿಲ್ಲ. ೧೯೮೭ರಲ್ಲಿ ಊರಿನಲ್ಲಿದ್ದ ಕ್ಯಾಥೊಲಿಕರ ಮನೆಗಳೇ ಐದು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನನ್ನ ಬಾಡಿಗೆ ಮನೆಯ ಮುಂದಿನ ಕೋಣೆಯೇ ಭಾನುವಾರದ ದೇವಾಲಯ. ಗುಲಬರ್ಗಾದಿಂದ ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಅರ್ಪಿಸುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಆ ವಾರದ ಬೈಬಲ್ ವಾಚನಗಳನ್ನು ನಾನು ಓದುತ್ತಿದ್ದೆ. ಓದಿದ ಮೇಲೆ, ಕೇಳಿದ್ದರಲ್ಲಿ ಯಾವುದನ್ನು ಈ ವಾರ ಮಾಡುತ್ತೇನೆ ಎಂದು ಪ್ರತಿಯೊಬ್ಬರೂ ಒಂದು ಮಾತು ಹೇಳಬೇಕು. ಈ ರೂಢಿ ಹಾಕಿದವಳು ನಾನೇ. ನನ್ನ ಮಾತನ್ನು ಮಾತ್ರ ಶನಿವಾರವೇ ಆರಿಸಿಟ್ಟುಕೊಳ್ಳುತ್ತಿದ್ದೆ. ತಾಳ್ಮೆಯಿಂದ ಇರುತ್ತೇನೆ, ಮಕ್ಕಳ ಮೇಲೆ ರೇಗುವುದಿಲ್ಲ, ಇಂಥವು. ಯಾರೂ ಬಂದು ಪರೀಕ್ಷಿಸಿ ನೋಡಲಾಗದಂಥವು.

ನಿಂಬೆವ್ವ ಹಾಗಲ್ಲ. ಅವಳು ನಮ್ಮ ಶಾಲೆಯಲ್ಲಿ ನೀರು ತುಂಬುವ, ಕಸ ಗುಡಿಸುವ ಆಯಾ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿ ಸೇರಿ ದೀಕ್ಷಾಸ್ನಾನ ಪಡೆದವಳು. ಅಕ್ಷರ ಬಾರದ ಅವಳಿಗೆ ಕೇಳಿದ್ದೆಲ್ಲ ಅಂದಿನ ಅಪ್ಪಣೆ. ಹಸಿದವರಿಗೆ ಉಣಿಸಬೇಕು, ಪರದೇಶಿಗೆ ಮನೆ ಕೊಡಬೇಕು ಎಂದು ಓದಿದ ವಾರ ಗಾಣಗಾಪುರಕ್ಕೆ ನಡೆದು ಹೊರಟಿದ್ದ ಒಬ್ಬ ಮುದುಕಿಯನ್ನು ಮನೆಗೆ ಕರೆದುಕೊಂಡು ಹೋದಳು. ಗುರುವಾರ ನನ್ನ ಬಳಿ ಬಂದು, "ಬಾಯಾರ, ಆ ಮುದುಕಿ ಹೋಗವಲ್ಲಳ್ರಿ. ಮುಂದಿನ ವಾರದ್ದು ನೋಡ್ರಿ, ಕಳಸೂದಕ್ಕ ಏನರ ಬರದಾರೇನು" ಎಂದಿದ್ದಳು. ನಾನು ನಕ್ಕಿದ್ದೆ. ಅವಳು ನಕ್ಕಿರಲಿಲ್ಲ.

ಫೆಬ್ರವರಿಯ ಆ ಭಾನುವಾರ ಫಾದರ್ ಬಂದಿದ್ದರು. ಹೊಸ ಜೋಳದ ಸುಗ್ಗಿ. ಕಾಣಿಕೆಯ ಹೊತ್ತಿಗೆ ನಿಂಬೆವ್ವ ಕಾಳು ಕೇರುವ ಒಂದು ಮರದ ತುಂಬ ಜೋಳ ತರುವುದೆಂದು ನಿಶ್ಚಯವಾಗಿತ್ತು. ಅಂದಿನ ಶುಭಸಂದೇಶ ಯೇಸುವಿನ ಬೆಟ್ಟದ ಮೇಲಿನ ಬೋಧನೆಯದು. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ, ತನ್ನ ಮೇಲೆ ಸೋದರನ ಮನಸ್ಸು ಮುರಿದಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಬೇಕು. ಮೊದಲು ಅವನೊಡನೆ ಒಂದಾಗಿ ಆಮೇಲೆ ಬಂದು ಅರ್ಪಿಸಬೇಕು. ಫಾದರ್ ಓದಿ ಮುಗಿಸಿ ನಾಲ್ಕು ಮಾತು ಹೇಳಿದರು. ಹನ್ನೊಂದರ ಬಸ್ಸಿಗೆ ಅವರು ಜೇವರ್ಗಿಗೆ ಹೋಗಬೇಕಿತ್ತು. ಅಲ್ಲಿಯೂ ಜನ ಕಾಯುತ್ತಿದ್ದರು. ನನ್ನ ಕಣ್ಣು ಗಡಿಯಾರದ ಮೇಲೆಯೇ ಇತ್ತು.

ನಿಂಬೆವ್ವ ಮರವನ್ನು ಹೊತ್ತು ಮುಂದೆ ಬಂದಳು. ಬಲಿಪೀಠವಾಗಿದ್ದ ಮೇಜಿನ ಮುಂದೆ ನಿಂತಳು. ಮರವನ್ನು ನೆಲಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ತಿರುಗಿ ಬಾಗಿಲ ಕಡೆ ನಡೆದಳು.

"ಎಲ್ಲಿಗೆ ನಿಂಬೆವ್ವ?" ಎಂದೆ, ಮೆಲ್ಲಗೆ.

"ಸಕ್ಕುಬಾಯಿ ಅಕ್ಕನ ಮನಿಗ್ರಿ. ಈಗ ಬರ್ತೇನಿ."

ನಾನು ಫಾದರ್ ಮುಖ ನೋಡಿದೆ. ಮುಂದುವರಿಸಿರೆಂದು ಹೇಳುವುದರಲ್ಲಿದ್ದೆ. ಅವರು ಕೈಗಡಿಯಾರ ನೋಡಿದರು. ಆಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿ, ಕುರ್ಚಿಯ ಮೇಲೆ ಕುಳಿತರು.

"ಓದಿದವರು ನಾವೇ ಅಲ್ಲವೇ ಟೀಚರ್? ಕಾಯೋಣ. ನೀವು ಅವಳ ಜೊತೆಗೆ ಹೋಗಿಬನ್ನಿ."

ಸಕ್ಕುಬಾಯಿಯ ಹೆಸರು ಊರಿಗೆಲ್ಲ ಗೊತ್ತಿತ್ತು. ಅವಳು ನಿಂಬೆವ್ವನ ಗಂಡನ ಅಣ್ಣನ ಹೆಂಡತಿ. ಹದಿನಾಲ್ಕು ವರ್ಷದ ಹಿಂದೆ ಇಬ್ಬರೂ ಒಂದೇ ಮನೆಯಲ್ಲಿದ್ದಾಗ ಅತ್ತೆಯ ಸೊಂಟದ ಬೆಳ್ಳಿ ಡಾಬು ಕಾಣೆಯಾಗಿತ್ತು. ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು ಕೇಳಿದಾಗ, ಸಕ್ಕುಬಾಯಿ ಪೆಟ್ಟಿಗೆ ತೆಗೆದದ್ದನ್ನು ನಾನು ಕಣ್ಣಾರೆ ಕಂಡೆ ಎಂದು ನಿಂಬೆವ್ವ ಹೇಳಿದ್ದಳು. ಸಕ್ಕುಬಾಯಿಯನ್ನು ಮನೆಯಿಂದ ಬೇರೆ ಹಾಕಿದರು. ಅಂದಿನಿಂದ ಅವಳು ಯಾರ ಮನೆಯ ಕಾರ್ಯಕ್ಕೆ ಬಂದರೂ ಹೆಂಗಸರ ಕೈ ತಮ್ಮ ಕೊರಳಿನ ಕಡೆ ಹೋಗುತ್ತಿತ್ತು. ನನ್ನ ಕೈಯೂ ಒಮ್ಮೆ ಹೋಗಿತ್ತು.

ನಿಂಬೆವ್ವ ಮೊದಲು ತನ್ನ ಮನೆಗೆ ಹೋಗಿ ಒಂದು ಬಟ್ಟೆಯ ಗಂಟು ತಂದಳು. ಸಕ್ಕುಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಓಣಿಯ ಮೂಲೆಯಲ್ಲೇ ನಿಂತೆ.

"ಅಕ್ಕಾ, ನೀ ಡಾಬು ಕದ್ದಿಲ್ಲ," ಎಂದಳು ನಿಂಬೆವ್ವ. "ನಾ ನೋಡೇನಿ ಅಂದದ್ದು ಸುಳ್ಳು. ಮನ್ಯಾಗ ಇಬ್ಬರೇ ಸೊಸ್ತೇರು, ನನ್ನ ಮ್ಯಾಲ ಬರ್ತದಂತ ಅಂಜಿದ್ದೆ. ಅತ್ತಿನೇ ಕಾಳಿನ ಹಗೇವಿನ್ಯಾಗ ಮುಚ್ಚಿಟ್ಟಿದ್ಲು. ಮೂರು ವರ್ಷದ ಮ್ಯಾಲ ಆಕಿ ಸತ್ತಳು, ಕಾಳು ತೆಗಿಯಾಕ ಇಳಿದಾಗ ನನ್ನ ಕೈಗೇ ಸಿಕ್ತು. ಯಾರಿಗೂ ಹೇಳಲಿಲ್ಲ." ಗಂಟು ಬಿಚ್ಚಿ ಡಾಬನ್ನು ಅವಳ ಮುಂದಿಟ್ಟಳು.

ಸಕ್ಕುಬಾಯಿ ತಲೆ ಎತ್ತಲಿಲ್ಲ. ಹರಳು ಆರಿಸುತ್ತಲೇ ಇದ್ದಳು.

"ನಾ ಕದ್ದಿಲ್ಲಂತ ನನಗ ಮೊದಲಿಂದ ಗೊತ್ತದ. ನನಗ್ಯಾಕ ಹೇಳ್ತಿ ಬೇ? ಅವತ್ತು ನಿನ್ನ ಮಾತು ಕೇಳಿದವರಿಗಿ ಹೇಳು ಹೋಗು. ಇದನ್ನೂ ತಗೊಂಡು ಹೋಗು."

ನಾವು ಮರಳಿದಾಗ ಮೇಜಿನ ಮೇಲಿನ ಮೇಣದಬತ್ತಿ ಅರ್ಧಕ್ಕೆ ಇಳಿದಿತ್ತು. ಬಸ್ಸು ಹೋಗಿತ್ತು. ನಿಂಬೆವ್ವ ಹೊಸ್ತಿಲ ಹೊರಗೇ ಕುಳಿತಳು.

"ಒಳಗೆ ಬಾರಮ್ಮ," ಎಂದರು ಫಾದರ್.

"ಒಂದಾಗಿ ಆಮ್ಯಾಲ ಬಾ ಅಂತ ಅದಲ್ರಿ ಫಾದರ. ಇನ್ನಾ ಒಂದಾಗಿಲ್ರಿ."

ಇಪ್ಪತ್ತು ವರ್ಷ ಬೋಧನೆ ಮಾಡಿದ್ದ ಫಾದರ್ ಜೋಳದ ಮರವನ್ನು ಇದ್ದಲ್ಲೇ ಬಿಟ್ಟು ಪೂಜೆ ಮುಂದುವರಿಸಿದರು. ಪರಮಪ್ರಸಾದಕ್ಕೆ ಅವಳು ಏಳಲಿಲ್ಲ. ನಾನು ಕೈ ಚಾಚಿ ಸ್ವೀಕರಿಸಿದೆ.

ಸೋಮವಾರ ನಾನು ಅವಳನ್ನು ಶಾಲೆಯ ನೀರಿನ ಟಾಕಿಯ ಹಿಂದೆ ಕರೆದೆ. ರಾತ್ರಿಯಿಡೀ ಮಾತು ಜೋಡಿಸಿಕೊಂಡಿದ್ದೆ. ಸಕ್ಕುಬಾಯಿಗೆ ಹೇಳಿದ್ದಾಯಿತು, ಅಷ್ಟು ಸಾಕು. ಊರಿಗೆಲ್ಲ ಹೇಳಿದರೆ ಕಳ್ಳಿಯೆಂಬ ಹೆಸರು ಅವಳನ್ನು ಬಿಟ್ಟು ನಿನಗೆ ಬರುತ್ತದೆ. ನಿನ್ನ ಕೆಲಸ ಹೋದರೆ ಏನು ಗತಿ. ನಮ್ಮ ಐದು ಮನೆಯವರ ಬಗ್ಗೆಯೂ ಜನ ಆಡಿಕೊಳ್ಳುತ್ತಾರೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಮನ್ಯಾಗೇ ಓದಿದ್ರಲ್ರಿ, ಬಾಯಾರ," ಎಂದಳು. ಆಪಾದನೆಯ ದನಿಯಲ್ಲ. ನಾನು ಮರೆತದ್ದನ್ನು ನೆನಪಿಸುವಂತೆ.

ಅಂದು ಕಟ್ಟೆಯ ಮೇಲೆ ಕೂತು ಕೇಳಿದವರು ಏಳು ಮಂದಿ. ಇಬ್ಬರು ತೀರಿಕೊಂಡಿದ್ದರು, ಅವರ ಮಕ್ಕಳಿಗೆ ಹೇಳಿದಳು. ಪ್ರತಿ ಮನೆಯ ಅಂಗಳದಲ್ಲಿ ಡಾಬು ಬಿಚ್ಚಿ ತೋರಿಸಿ, ನಿಂತುಕೊಂಡೇ ಹೇಳಿದಳು. ಅವರಲ್ಲೊಬ್ಬರಾದ ಚಂದ್ರಾಮಪ್ಪಗೌಡರು, "ಹನ್ನೊಂದು ವರ್ಷ ಇದನ್ನ ಕಾವಿಗಿ ಇಟ್ಟಿದ್ದೇನ ಬೇ, ಮರಿ ಆಗ್ತಾವಂತ?" ಎಂದು ನಗೆಯಾಡಿದರಂತೆ. "ಇಲ್ರೀ ಗೌಡ್ರ, ಒಂದೇ ಅದ," ಎಂದಳಂತೆ ಇವಳು. ಕೊನೆಯವನಾದ ಟೇಲರ್ ಉಸ್ಮಾನಸಾಬ ಜೇವರ್ಗಿಗೆ ಹೋಗಿ ನೆಲೆಸಿದ್ದ. ರಜೆ ಕೇಳಿ ಬಸ್ಸು ಹತ್ತಿದಳು. ಅವನಿಗೆ ಏನೊಂದೂ ನೆನಪಿರಲಿಲ್ಲ. ಮೊದಲು ತನ್ನ ಸುಳ್ಳನ್ನು ಅವನಿಗೆ ನೆನಪು ಮಾಡಿಕೊಟ್ಟು, ಆಮೇಲೆ ಅದು ಸುಳ್ಳೆಂದು ಹೇಳಿ ಬಂದಳು.

ನಾನು ಹೆದರಿದ್ದರಲ್ಲಿ ಒಂದಷ್ಟು ನಡೆದೇ ನಡೆಯಿತು. ಶಾಲೆಯಲ್ಲಿ ಚಾಕ್‌ಪೀಸ್ ಕಾಣದಿದ್ದರೂ ಅವಳ ಕಡೆ ನೋಡಿ ನಗುವವರಾದರು. ಅವಳು ಗುಡಿಸುತ್ತಲೇ ಇದ್ದಳು. ಭಾನುವಾರ ಬಂದರೆ ಹೊಸ್ತಿಲ ಹೊರಗೆ ಕೂತು ವಾಚನ ಕೇಳುತ್ತಿದ್ದಳು. ಒಳಗಿನ ನಾವೆಲ್ಲ ನಮ್ಮ ನಮ್ಮ ವಾರದ ಮಾತು ಹೇಳುವ ಸರದಿ ಬಂದಾಗ, ಯಾರಿಗೂ ಮಾತು ಸಲೀಸಾಗಿ ಬರುತ್ತಿರಲಿಲ್ಲ.

ಐದನೆಯ ವಾರ, ಬುಧವಾರ ಶಾಲೆ ಬಿಟ್ಟ ಮೇಲೆ, ಸಕ್ಕುಬಾಯಿ ನನ್ನ ಮನೆಗೆ ಬಂದಳು. ಕೂತುಕೋ ಎಂದರೂ ಕೂರಲಿಲ್ಲ.

"ನಿನ್ನೆ ಗೌಡ್ರ ಮನ್ಯಾಗ ತೊಟ್ಟಲ ಕಾರ್ಯ ಇತ್ರಿ," ಎಂದಳು. "ಕೂಸಿನ ಬಂಗಾರದ ಸರ ನನ್ನ ಕೈಯಾಗ ಕೊಟ್ಟು, ಸ್ವಲ್ಪ ಹಿಡಿ ಬೇ ಅಂದ್ರು. ಹಿಡಕೊಂಡು ನಿಂತೆ. ಕೈ ಬೆವತು ಹೋತು." ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, "ಆಕಿ ಕೇಳಿದ್ದು ಏನದ, ನನಗೂ ಓದ್ರಿ," ಎಂದಳು.

ನಾನು ಪುಸ್ತಕ ತಂದು ಓದಿದೆ. ಎರಡೇ ವಾಕ್ಯ. ಅವಳು ಇನ್ನೊಮ್ಮೆ ಓದಿಸಿದಳು.

"ತಪ್ಪು ಮಾಡಿದವರು ಹೋಗಬೇಕಂತ ಅದ. ಖರೆ. ಅವರು ಬಂದ ಮ್ಯಾಲ ಈ ಕಡೀದವರು ಏನ್ ಮಾಡಬೇಕು? ಮುಂದ ಓದ್ರಿ."

ಮುಂದೆ ನೋಡಿದೆ. ಆ ಜಾಗದಲ್ಲಿ ಅದು ಇರಲಿಲ್ಲ. ಕ್ಷಮೆಯ ಬಗ್ಗೆ ಬೇರೆ ಪುಟಗಳಲ್ಲಿ ಇರುವುದೆಲ್ಲ ನನಗೆ ಬಾಯಿಪಾಠ. ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳ ಮುಖ ನೋಡಿದಾಗ, ಹದಿನಾಲ್ಕು ವರ್ಷ ಅವಳೊಬ್ಬಳೇ ನಿಂತಿದ್ದ ಆ ಜಾಗಕ್ಕೆ ಕಾಲಿಡಲು ನನಗೆ ಭಯವಾಯಿತು.

"ಇಲ್ಲಿ ಬರೆದಿಲ್ಲ," ಎಂದೆ.

"ಬರದಿಲ್ಲ." ಅವಳು ತಲೆಯಾಡಿಸಿದಳು. "ದೇವರು ಅದನ್ನ ನನಗೇ ಬಿಟ್ಟಾನೇನು ಹಂಗಾದ್ರ."

ಅವಳು ಹೊರಟಳು. ನಾನು ಪುಸ್ತಕ ಕೈಯಲ್ಲಿ ಹಿಡಿದೇ ಹಿಂದೆ ನಡೆದೆ. ಬರಬೇಡವೆಂದು ಅವಳು ಹೇಳಲಿಲ್ಲ. ನಿಂಬೆವ್ವನ ಮನೆಯೊಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸಕ್ಕುಬಾಯಿ ಕೂಗದೆ ಒಳಗೆ ಹೋದಳು. ಸದ್ದು ನಿಂತಿತು. ಒಲೆಯಲ್ಲಿ ಕಟ್ಟಿಗೆ ಚಟಚಟ ಎನ್ನುವುದು ನನಗೆ ಹೊರಗೆ ಕೇಳಿಸುತ್ತಿತ್ತು.

"ಹಿಟ್ಟು ಬಿರುಸಾಗೇದ," ಎಂದಳು ಸಕ್ಕುಬಾಯಿ ಕೊನೆಗೆ. "ಎಸರು ಕುದಿಯೂತನ ತಡಿಯೂದಿಲ್ಲ ನೀನು, ಆವಾಗೂ ಹಂಗ. ಸರಿ ಅತ್ತಾಗ."

ನಿಂಬೆವ್ವ ಸರಿದಳು. ಸಕ್ಕುಬಾಯಿ ಒಲೆಯ ಮುಂದೆ ಕೂತು, ಬಿಸಿನೀರು ಚಿಮುಕಿಸಿ, ಹಿಟ್ಟನ್ನು ನಾದತೊಡಗಿದಳು. ನಿಂಬೆವ್ವ ಗೋಡೆಗೊರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಬಿಸಿಲು ಇನ್ನೂ ಇತ್ತು, ಅಂಗಳ ಸುಡುತ್ತಿತ್ತು. ನಾನು ಚಪ್ಪಲಿ ಕಳಚಿದೆ. ಒಳಗೆ ಹೋಗುವ ಧೈರ್ಯ ಬರದೆ ಬರಿಗಾಲಲ್ಲಿ ಅಲ್ಲೇ ನಿಂತೆ. ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.